ಕೆರೆ ಎಲ್ಲರದು, ಹೂಳು ಯಾರದು?

ಬೆಳಿಗ್ಗೆ ಅಂತರಜಾಲದಲ್ಲಿ ಸುದ್ದಿ ಓದುವವರು, ಮಗಳ ಕಾಲೇಜಿನ ಪ್ರವೇಶ ಪ್ರಕಟಣೆಯನ್ನು ಹುಡುಕುವವರು, ದೇವಸ್ಥಾನದ ಸೇವಾಪಟ್ಟಿ ನೋಡುವವರು, ಸಣ್ಣ ಪ್ರಕಾಶನವೊಂದರ ಪುಸ್ತಕಕ್ಕೆ ಹಣ ಕಟ್ಟುವವರು, ಇವರಲ್ಲಿ ಬಹುಪಾಲು ಮಂದಿ ದಿನವೂ ಒಂದು ಸಾರ್ವಜನಿಕ ಕೆರೆಯ ನೀರನ್ನು ಬಳಸುತ್ತಿದ್ದಾರೆ. ಆದರೆ ಅಂಥದೊಂದು ಕೆರೆ ಇದೆ ಎಂಬುದೇ ಅವರ ಅರಿವಿಗೆ ಬಂದಿರುವುದಿಲ್ಲ.

ಜಾಲತಾಣದಲ್ಲಿ ಬರಹ, ಚಿತ್ರ, ಪ್ರಕಟಣೆಗಳನ್ನು ಸೇರಿಸಲು, ತಿದ್ದಲು, ಒಪ್ಪವಾಗಿ ಜೋಡಿಸಿಡಲು ನೆರವಾಗುವ ತಂತ್ರಾಂಶಕ್ಕೆ ವಿಷಯ ನಿರ್ವಹಣಾ ವ್ಯವಸ್ಥೆ ಎಂದು ಹೆಸರು. ಇದು ಇರುವುದರಿಂದಲೇ ಪ್ರೋಗ್ರಾಮಿಂಗಿನ ಗಂಧಗಾಳಿ ಇಲ್ಲದ ಗುಮಾಸ್ತರೊಬ್ಬರು ಕಚೇರಿಯ ಸುತ್ತೋಲೆಯನ್ನು ಐದು ನಿಮಿಷಗಳಲ್ಲಿ ಲೋಕಕ್ಕೆಲ್ಲ ಕಾಣುವಂತೆ ಮಾಡಬಲ್ಲರು. ಈ ಬಗೆಯ ತಂತ್ರಾಂಶಗಳಲ್ಲಿ ಹೆಸರುವಾಸಿಯಾದ ವರ್ಡ್‌ಪ್ರೆಸ್, ಡ್ರುಪಾಲ್, ಜೂಮ್ಲಾ ಮೂರೂ ಮುಕ್ತ ತಂತ್ರಾಂಶಗಳು. ಅವುಗಳ ಸೋರ್ಸ್ ಕೋಡನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಜಗತ್ತಿನ ಪ್ರತಿ ಐದು ಜಾಲತಾಣಗಳಲ್ಲಿ ಎರಡಕ್ಕೂ ಹೆಚ್ಚು ಇಂದು ವರ್ಡ್‌ಪ್ರೆಸ್ ಒಂದರ ಮೇಲೆಯೇ ನಿಂತಿವೆ. ಅಮೆರಿಕದ ಶ್ವೇತಭವನದ ಜಾಲತಾಣ 2009ರಲ್ಲಿ ಡ್ರುಪಾಲ್‌ಗೂ 2017ರಲ್ಲಿ ವರ್ಡ್‌ಪ್ರೆಸ್‌ಗೂ ಬದಲಾಯಿತು. ನಮ್ಮಲ್ಲಿ 2005ರಲ್ಲಿ ಆರಂಭವಾದ ‘ಸಂಪದ’ ಎಂಬ ಕನ್ನಡ ಸಮುದಾಯ ತಾಣವನ್ನು ಕಟ್ಟಿದ್ದು ಡ್ರುಪಾಲ್ ಬಳಸಿಯೇ.

ಊರ ಕೆರೆಯಿಂದ ನೀರು ಒಯ್ಯಲು ಯಾರಿಗೂ ಅಡ್ಡಿಯಿರಲಿಲ್ಲ. ಆದರೆ ಬೇಸಿಗೆಯಲ್ಲಿ ಹೂಳೆತ್ತಲು, ತೂಬು ರಿಪೇರಿ ಮಾಡಲು, ಏರಿಯ ಮೇಲೆ ಬೆಳೆದ ಗಿಡಗಂಟಿ ಕಡಿಯಲು ಊರಿನವರೇ ಬರಬೇಕಿತ್ತು. ಮುಕ್ತ ತಂತ್ರಾಂಶದ ಸ್ಥಿತಿಯೂ ಇದೇ. ಬಳಸುವವರು ಕೋಟಿಗಟ್ಟಲೆ, ಹೂಳೆತ್ತುವವರು ಕೆಲವೇ ಸಾವಿರ. ಆ ಕೆಲವರೂ ಬೇರೆಬೇರೆ ದೇಶಗಳಲ್ಲಿ, ಬೇರೆಬೇರೆ ಉದ್ಯೋಗಗಳಲ್ಲಿ ಇದ್ದುಕೊಂಡು ಪರಸ್ಪರ ಮುಖ ನೋಡದೆ ಕೆಲಸ ಮಾಡುವವರು. ಇವರನ್ನು ಒಂದೆಡೆ ಕೂಡಿಸುವ, ಹೊಸಬರನ್ನು ಅವರ ಪಕ್ಕದಲ್ಲಿ ಕೂರಿಸುವ ಸಂದರ್ಭವೆಂದರೆ ಸಮುದಾಯವೇ ನಡೆಸುವ ಸಮ್ಮೇಳನ. ಅದನ್ನು ಯಾರು, ಹೇಗೆ ಯೋಜಿಸುತ್ತಾರೆ ಎನ್ನುವುದು ಹೊರನೋಟಕ್ಕೆ ಸಭಾಂಗಣ, ಊಟ, ಬ್ಯಾನರುಗಳ ಪ್ರಶ್ನೆಯಾಗಿ ಕಾಣುತ್ತದೆ. ವಾಸ್ತವದಲ್ಲಿ ಅದು ಕೆರೆಯ ಯಜಮಾನಿಕೆಯ ಪ್ರಶ್ನೆ.

ಹನಿಗೂಡಿದ ಕಥೆ

ಡ್ರುಪಾಲ್ ಹುಟ್ಟಿದ್ದು ಬೆಲ್ಜಿಯಂನ ಆ್ಯಂಟ್‌ವರ್ಪ್ ನಗರದಲ್ಲಿ. ಡ್ರೀಸ್ ಬಾಯ್ಟಾರ್ಟ್ ಎಂಬ ವಿದ್ಯಾರ್ಥಿ ಸಹಪಾಠಿಗಳ ನಡುವೆ ಸುದ್ದಿ ಹಂಚಿಕೊಳ್ಳಲು ಬರೆದ ಸಣ್ಣ ತಂತ್ರಾಂಶ ಅದು. ತಾಣಕ್ಕೆ ಡಚ್ ಭಾಷೆಯಲ್ಲಿ ‘ಹಳ್ಳಿ’ ಎಂಬ ಅರ್ಥ ಬರುವ ‘ಡೋರ್ಪ್’ ಎಂಬ ಹೆಸರಿಡಲು ಹೋಗಿ, ಬೆರಳು ತಪ್ಪಿ ಅದು ‘ಡ್ರಾಪ್’ ಆಯಿತು. ಹನಿ ಎನ್ನುವುದಕ್ಕೆ ಡಚ್ಚಿನಲ್ಲಿರುವ ‘ಡ್ರುಪಲ್’ ಎಂಬ ಪದದಿಂದ ತಂತ್ರಾಂಶದ ಹೆಸರು ಮೂಡಿತು. 2001ರ ಜನವರಿಯಲ್ಲಿ ಅದು ಮುಕ್ತವಾಗಿ ಬಿಡುಗಡೆಯಾಯಿತು. ಹಳ್ಳಿಯಾಗಬೇಕಿದ್ದದ್ದು ಹನಿಯಾಯಿತೇನೋ ಸರಿ, ಆದರೆ ಹನಿ ಹನಿ ಕೂಡಿ ಮತ್ತೆ ಹಳ್ಳಿಯೇ ಆಯಿತು. 2005ರ ಫೆಬ್ರುವರಿಯಲ್ಲಿ ಬೆರಳೆಣಿಕೆಯ ಡೆವಲಪರ್‌ಗಳು ಅದೇ ಆ್ಯಂಟ್‌ವರ್ಪ್‌ನಲ್ಲಿ ಸೇರಿದರು. ಅದೇ ಮೊದಲ ಡ್ರುಪಾಲ್‌ಕಾನ್.

ಅದೇ ವರ್ಷ ಡ್ರುಪಾಲ್‌ನ ಕೇಂದ್ರ ತಾಣವನ್ನು ಹೊತ್ತಿದ್ದ ಸರ್ವರ್ ಭಾರ ತಾಳಲಾರದೆ ಕುಸಿಯಿತು. ಹೊಸ ಯಂತ್ರಕ್ಕಾಗಿ 3,000 ಡಾಲರ್ ಬೇಕೆಂದು ಬಾಯ್ಟಾರ್ಟ್ ಕೇಳಿಕೊಂಡರು. ಒಂದೇ ದಿನದ ಆಸುಪಾಸಿನಲ್ಲಿ 10,000 ಡಾಲರ್ ಬಂದು ಸೇರಿತು. ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆ ಒಂದು ಸರ್ವರನ್ನೇ ಕೊಟ್ಟಿತು. ಆರಿಗನ್ ರಾಜ್ಯ ವಿಶ್ವವಿದ್ಯಾಲಯದ ಮುಕ್ತ ತಂತ್ರಾಂಶ ಪ್ರಯೋಗಾಲಯ ಅದಕ್ಕೆ ಜಾಗ ನೀಡಿತು. ಕೇಳಿದ್ದಕ್ಕಿಂತ ಮೂರು ಪಟ್ಟು ಹಣ ಕೂಡಿದ್ದು ಜನ ಶ್ರೀಮಂತರಾಗಿದ್ದರೆಂದಲ್ಲ, ಅದು ತಮ್ಮದು ಎಂದುಕೊಂಡಿದ್ದರೆಂದು.

ಜೂಮ್ಲಾದ ಹುಟ್ಟಿನ ಹಿಂದೆಯೂ ಇಂಥದೇ ಪ್ರಶ್ನೆಯಿದೆ. ಮಾಂಬೊ ಎಂಬ ತಂತ್ರಾಂಶವನ್ನು ಬೆಳೆಸುತ್ತಿದ್ದ ಡೆವಲಪರ್‌ಗಳ ತಂಡ, ಅದರ ಹೆಸರು ಮತ್ತು ಹಕ್ಕುಗಳ ಮೇಲೆ ಕಂಪನಿಯೊಂದರ ಹಿಡಿತ ಬಿಗಿಯಾಗುತ್ತಿದೆ ಎಂದು ಭಾವಿಸಿ 2005ರ ಆಗಸ್ಟಿನಲ್ಲಿ ಹೊರಬಂದಿತು. ಕೋಡ್ ಮುಕ್ತವಾಗಿದ್ದ ಕಾರಣ ಅವರು ಬರಿಗೈಯಲ್ಲಿ ಹೊರಡಬೇಕಾಗಲಿಲ್ಲ. ಸೆಪ್ಟೆಂಬರಿನಲ್ಲಿಯೇ ಹೊಸ ಹೆಸರಿನಲ್ಲಿ ಅದನ್ನು ಬಿಡುಗಡೆ ಮಾಡಿದರು. ಆ ಹೆಸರು ಸ್ವಾಹಿಲಿ ಭಾಷೆಯ ‘ಜುಮ್ಲಾ’ದಿಂದ ಬಂದದ್ದು, ‘ಎಲ್ಲರೂ ಒಟ್ಟಾಗಿ’ ಎಂಬುದು ಅರ್ಥ. ಅರಬ್ಬಿ ಮೂಲದ ಈ ಪದ ನಮಗೂ ಅಪರಿಚಿತವಲ್ಲ. ಹಳೆಯ ಲೆಕ್ಕಪತ್ರಗಳಲ್ಲಿ ಒಟ್ಟು ಮೊತ್ತವನ್ನು ‘ಜುಮಲಾ’ ಎಂದು ಬರೆಯುವ ರೂಢಿ ಕನ್ನಡನಾಡಿನಲ್ಲಿಯೂ ಇತ್ತು.

ವರ್ಡ್‌ಪ್ರೆಸ್‌ನ ಆರಂಭವೂ ಹೂಳೆತ್ತುವ ಕೆಲಸದಿಂದಲೇ ಆದದ್ದು. ಬಿ2 ಎಂಬ ತಂತ್ರಾಂಶದ ಕೆಲಸ ನಿಂತುಹೋದಾಗ ಅಮೆರಿಕದ ಮ್ಯಾಟ್ ಮುಲೆನ್‌ವೆಗ್ ಮತ್ತು ಬ್ರಿಟನ್ನಿನ ಮೈಕ್ ಲಿಟಲ್ ಅದನ್ನು ಕೈಗೆತ್ತಿಕೊಂಡು 2003ರ ಮೇ 27ರಂದು ಹೊಸ ಹೆಸರಿನಲ್ಲಿ ಹೊರತಂದರು. ಮೊದಲ ವರ್ಡ್‌ಕ್ಯಾಂಪ್ 2006ರ ಆಗಸ್ಟಿನಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ನಡೆಯಿತು. ಭಾರತದಲ್ಲಿ ಮೊದಲನೆಯದು 2009ರ ಫೆಬ್ರುವರಿಯಲ್ಲಿ ದೆಹಲಿಯಲ್ಲಿ ನಡೆಯಿತು. ಅಲ್ಲಿಂದೀಚೆಗೆ ನೂರಾರು ನಗರಗಳ ಸ್ವಯಂಸೇವಕರು ಇಂಥ ಸಮ್ಮೇಳನಗಳನ್ನು ಹಮ್ಮಿಕೊಂಡಿದ್ದಾರೆ. ಹಾಗೆ ಹಮ್ಮಿಕೊಳ್ಳುವಾಗ ಎದುರಾಗುವ ಮೊದಲ ತೊಡಕು ತಂತ್ರಜ್ಞಾನದ್ದಲ್ಲ, ಹಣದ್ದು.

ಜಮಾ–ಖರ್ಚಿನ ಪುಸ್ತಕ

ಒಂದು ಲೆಕ್ಕ ಹಾಕಿ ನೋಡೋಣ. 300 ಮಂದಿಯ ಸಮ್ಮೇಳನ ಎಂದಿಟ್ಟುಕೊಳ್ಳಿ. ಸಭಾಂಗಣ, ಊಟ, ಧ್ವನಿವರ್ಧಕ, ಮುದ್ರಣ ಎಲ್ಲ ಸೇರಿ ತಲೆಗೆ 1,200 ರೂಪಾಯಿ ತಗುಲಿದರೆ ಒಟ್ಟು 3 ಲಕ್ಷ 60 ಸಾವಿರ. ವಿದ್ಯಾರ್ಥಿಗಳಿಗೂ ಎಟಕುವಂತೆ ಪ್ರವೇಶ ಶುಲ್ಕವನ್ನು 400 ರೂಪಾಯಿಗೆ ನಿಲ್ಲಿಸಿದರೆ ಬರುವುದು 1 ಲಕ್ಷ 20 ಸಾವಿರ. ಉಳಿದ 2 ಲಕ್ಷ 40 ಸಾವಿರವನ್ನು ಪ್ರಾಯೋಜಕರಿಂದ ತರಬೇಕು. ಈ ಹಂತದಲ್ಲಿ ಸಂಘಟಕರ ಮುಂದೆ ಎರಡು ದಾರಿಗಳಿರುತ್ತವೆ. ಇಡೀ ಮೊತ್ತವನ್ನು ಒಂದೇ ಕಂಪನಿಯಿಂದ ಪಡೆಯುವುದು ಸುಲಭದ ದಾರಿ. ಒಂದು ಪತ್ರ, ಒಂದು ಸಹಿ, ಕೆಲಸ ಮುಗಿಯಿತು. ಆರು ಕಡೆಯಿಂದ 40 ಸಾವಿರದಂತೆ ತರುವುದು ತ್ರಾಸದ ದಾರಿ. ಆದರೆ ಸಮ್ಮೇಳನದ ಸ್ವಾತಂತ್ರ್ಯ ಉಳಿಯುವುದು ಎರಡನೆಯ ದಾರಿಯಲ್ಲಿ. ಆರರಲ್ಲಿ ಒಬ್ಬರು ಮುನಿಸಿಕೊಂಡು ಹಿಂದೆ ಸರಿದರೂ ಊಟದ ಎಲೆಯಲ್ಲಿ ಒಂದು ಪಲ್ಯ ಕಡಿಮೆಯಾದೀತು, ವೇದಿಕೆ ಕುಸಿಯದು. ಒಬ್ಬರೇ ಎಲ್ಲವನ್ನೂ ಕೊಟ್ಟಾಗ ಅವರು ಬಾಯಿಬಿಟ್ಟು ಏನನ್ನೂ ಕೇಳಬೇಕಾಗಿಲ್ಲ. ಸಂಘಟಕರೇ ಅವರ ಮುಖ ನೋಡಿ ಕಾರ್ಯಕ್ರಮ ಬರೆಯತೊಡಗುತ್ತಾರೆ.

ವರ್ಡ್‌ಕ್ಯಾಂಪ್‌ಗಳ ನಿಯಮಾವಳಿಯಲ್ಲಿ ಈ ಅಪಾಯದ ಅರಿವಿದೆ. ಅಲ್ಲಿ ಸಂಘಟಕರಿಗೆ ಸಂಬಳವಿಲ್ಲ, ಭಾಷಣಕಾರರಿಗೆ ಸಂಭಾವನೆಯಿಲ್ಲ. ಪ್ರಾಯೋಜಕರು ಹಣ ಕೊಟ್ಟು ಭಾಷಣದ ಅವಕಾಶವನ್ನು ಕೊಳ್ಳುವಂತಿಲ್ಲ. ಸ್ಥಳೀಯ ಸಮ್ಮೇಳನಗಳ ಪ್ರವೇಶ ಶುಲ್ಕಕ್ಕೂ ಮಿತಿಯಿದೆ, ದಿನಕ್ಕೆ 20–25 ಡಾಲರಿನ ಆಸುಪಾಸಿನಲ್ಲಿ ಅದನ್ನು ಇಡುತ್ತ ಬರಲಾಗಿದೆ. ಆಯವ್ಯಯ ಪಾರದರ್ಶಕವಾಗಿರಬೇಕು. ಎಲ್ಲಕ್ಕಿಂತ ಗಮನಾರ್ಹವಾದದ್ದು, ಸಮ್ಮೇಳನ ಬೇಕೆಂದು ಅರ್ಜಿ ಹಾಕುವ ಊರಿನಲ್ಲಿ ಅದಕ್ಕೂ ಮುಂಚೆಯೇ ಬಳಕೆದಾರರ ಕೂಟವೊಂದು ನಿಯಮಿತವಾಗಿ ಸೇರುತ್ತಿರಬೇಕು ಎಂಬ ಷರತ್ತು. ತಿಂಗಳಿಗೊಮ್ಮೆ ಹದಿನೈದು ಜನರನ್ನು ಕೂಡಿಸಲಾರದವರು ವರ್ಷಕ್ಕೊಮ್ಮೆ ಮುನ್ನೂರು ಜನರನ್ನು ಕರೆದು ಏನು ಮಾಡಿಯಾರು? ತೇರು ಎಳೆಯುವ ದಿನ ಎಲ್ಲರೂ ಬರುತ್ತಾರೆ. ತೇರಿನ ಗಾಲಿಗೆ ಎಣ್ಣೆ ಹಾಕಿದವರು ಯಾರು ಎಂಬುದೇ ಮುಖ್ಯ.

ಭಾಷಣಗಳ ಆಯ್ಕೆಯಲ್ಲಿಯೂ ಇದೇ ಎಚ್ಚರ ಬೇಕು. ಪರಿಚಿತರ ಹೆಸರುಗಳನ್ನೇ ಬರೆಯುತ್ತ ಹೋದರೆ ಪಟ್ಟಿ ಅರ್ಧ ಗಂಟೆಯಲ್ಲಿ ಸಿದ್ಧವಾಗುತ್ತದೆ. ಬದಲು ಬಹಿರಂಗವಾಗಿ ಪ್ರಸ್ತಾವಗಳನ್ನು ಆಹ್ವಾನಿಸಿ, ಬರೆದವರ ಹೆಸರನ್ನು ಮರೆಮಾಡಿ ಓದುವ ಪದ್ಧತಿಯನ್ನು ಹಲವು ಸಮ್ಮೇಳನಗಳು ಅನುಸರಿಸುತ್ತವೆ. ಮೊದಲ ಬಾರಿ ವೇದಿಕೆ ಹತ್ತುವವರಿಗೆಂದು ಕೆಲವು ಅವಧಿಗಳನ್ನು ಮೀಸಲಿಡುವುದು, ಅವರಿಗೆ ಒಂದು ತಿಂಗಳು ಮೊದಲೇ ಅನುಭವಿಗಳ ನೆರವು ಒದಗಿಸುವುದು, ಗಾಲಿಕುರ್ಚಿ ಬಳಸುವವರು ವೇದಿಕೆಯನ್ನೂ ತಲುಪುವಂತಿದೆಯೇ ಎಂದು ಸಭಾಂಗಣವನ್ನು ಒಪ್ಪಿಕೊಳ್ಳುವ ಮುನ್ನವೇ ನೋಡುವುದು, ಕಿರುಕುಳದ ದೂರು ಬಂದರೆ ಯಾರು ಕೇಳಬೇಕೆಂದು ಮೊದಲೇ ಹೆಸರು ಪ್ರಕಟಿಸುವುದು, ಇವೆಲ್ಲ ಸಣ್ಣ ಸಂಗತಿಗಳಲ್ಲ. ಯಾರು ಬರಲಿಲ್ಲ ಎಂಬುದು ಸಮ್ಮೇಳನದ ದಿನ ಕಾಣುವುದಿಲ್ಲ. ಬಾರದವರು ತಾವು ಬರಲಿಲ್ಲವೆಂದು ಹೇಳಲು ಅಲ್ಲಿರುವುದಿಲ್ಲವಲ್ಲ!

ಇಷ್ಟೆಲ್ಲ ಮಾಡಿದರೂ ವಿಧಿ ಅಡ್ಡ ಬರಬಹುದು. ಇಡೀ ಏಷ್ಯಾ ಖಂಡದ ಮಟ್ಟದ ಮೊದಲ ವರ್ಡ್‌ಕ್ಯಾಂಪ್ 2020ರ ಫೆಬ್ರುವರಿಯಲ್ಲಿ ಬ್ಯಾಂಕಾಕಿನಲ್ಲಿ ನಡೆಯಬೇಕಿತ್ತು. ಕೊರೊನಾ ಸೋಂಕಿನ ಭೀತಿಯಿಂದಾಗಿ, ಆರಂಭಕ್ಕೆ ಹತ್ತು ದಿನವೂ ಇಲ್ಲದಿರುವಾಗ ಅದನ್ನು ರದ್ದುಪಡಿಸಬೇಕಾಯಿತು. ವಿಮಾನದ ಟಿಕೆಟ್, ವಸತಿಗೆಂದು ಕೈಯಿಂದ ಹಣ ಹಾಕಿದ್ದವರು ಹಲವರು. ಅವರ ನಷ್ಟ ತುಂಬಲು ಸಮುದಾಯದೊಳಗಿನವರೇ ಮುಂದೆ ಬಂದರು. ಮೂರು ವರ್ಷಗಳ ಬಳಿಕ, 2023ರ ಫೆಬ್ರುವರಿಯಲ್ಲಿ, ಅದೇ ಬ್ಯಾಂಕಾಕಿನಲ್ಲಿ ಸಮ್ಮೇಳನ ನಡೆಯಿತು. ನಂತರ 2024ರಲ್ಲಿ ತೈಪೆ, 2025ರಲ್ಲಿ ಮನಿಲಾ, ಅದರ ಮುಂದಿನ ಸರದಿಗೆ ನಮ್ಮ ಮುಂಬೈ ಆಯ್ಕೆಯಾದವು. ಸಭಾಂಗಣದ ಕರಾರಿನಲ್ಲಿ ರದ್ದತಿಯ ಕಲಮು ಎಷ್ಟನೇ ಪುಟದಲ್ಲಿದೆ ಎಂದು ನೋಡುವ ಅಭ್ಯಾಸ ಸಂಘಟಕರಿಗೆ ಅಂದಿನಿಂದ ಬಂದಿದ್ದರೆ ಆಶ್ಚರ್ಯವಿಲ್ಲ.

ದೇವರ ವರ, ಪೂಜಾರಿಯ ಬೀಗ

ಆದರೆ ಸೋಂಕಿಗಿಂತ ದೊಡ್ಡ ಪೆಟ್ಟು ಒಳಗಿನಿಂದಲೇ ಬರಬಹುದು ಎಂಬುದನ್ನು 2024 ತೋರಿಸಿಕೊಟ್ಟಿತು. ಆ ವರ್ಷದ ಸೆಪ್ಟೆಂಬರಿನಲ್ಲಿ ಅಮೆರಿಕದ ಪೋರ್ಟ್‌ಲೆಂಡ್‌ನಲ್ಲಿ ನಡೆದ ವರ್ಡ್‌ಕ್ಯಾಂಪಿನ ವೇದಿಕೆಯಿಂದಲೇ ಮುಲೆನ್‌ವೆಗ್ ಅವರು ಡಬ್ಲ್ಯುಪಿ ಎಂಜಿನ್ ಎಂಬ ಕಂಪನಿಯನ್ನು ಕಟುವಾಗಿ ಟೀಕಿಸಿದರು. ಆ ಕಂಪನಿ ಅದೇ ಸಮ್ಮೇಳನದ ಪ್ರಾಯೋಜಕರಲ್ಲೊಂದು. ವರ್ಡ್‌ಪ್ರೆಸ್‌ನಿಂದ ಅಪಾರ ಲಾಭ ಗಳಿಸುವ ಆ ಕಂಪನಿ ತಂತ್ರಾಂಶಕ್ಕೆ ಮರಳಿ ಕೊಡುವುದು ತೀರ ಕಡಿಮೆ ಎಂಬುದು ಅವರ ಆಕ್ಷೇಪವಾಗಿತ್ತು. ಕೆಲವೇ ದಿನಗಳಲ್ಲಿ ವರ್ಡ್‌ಪ್ರೆಸ್‌ನ ಕೇಂದ್ರ ತಾಣದಿಂದ ಪರಿಷ್ಕರಣೆಗಳನ್ನು ಪಡೆಯುವ ಆ ಕಂಪನಿಯ ಸಂಪರ್ಕ ಕಡಿತವಾಯಿತು. ಅಕ್ಟೋಬರ್ 2ರಂದು ಕಂಪನಿ ಮುಲೆನ್‌ವೆಗ್ ಮತ್ತು ಅವರ ಆಟೊಮ್ಯಾಟಿಕ್ ಸಂಸ್ಥೆಯ ವಿರುದ್ಧ ಕ್ಯಾಲಿಫೋರ್ನಿಯದ ಫೆಡರಲ್ ನ್ಯಾಯಾಲಯದ ಮೆಟ್ಟಿಲೇರಿತು. ಸಂಪರ್ಕವನ್ನು ಮೊದಲಿನಂತೆ ಕೊಡಬೇಕೆಂದು ಡಿಸೆಂಬರ್ 10ರಂದು ನ್ಯಾಯಾಲಯ ಮಧ್ಯಂತರ ಆದೇಶ ನೀಡಿತು.

ಈ ಜಗಳದಲ್ಲಿ ಯಾರದು ಎಷ್ಟು ಸರಿ ಎಂಬುದನ್ನು ನ್ಯಾಯಾಲಯ ನೋಡಿಕೊಳ್ಳಲಿ. ಮರಳಿ ಕೊಡದೆ ಒಯ್ಯುವವರ ಬಗೆಗಿನ ಅಸಮಾಧಾನ ನ್ಯಾಯವಾದದ್ದೇ. ನಮಗೆ ಮುಖ್ಯವಾದದ್ದು ಈ ಪ್ರಸಂಗ ತೆರೆದು ತೋರಿಸಿದ ಸತ್ಯ. ಕೋಡ್ ಎಲ್ಲರದೂ ಆಗಿತ್ತು. ಆದರೆ ಟ್ರೇಡ್‌ಮಾರ್ಕ್ 2010ರಿಂದ ಒಂದು ಪ್ರತಿಷ್ಠಾನದ ಕೈಯಲ್ಲಿ, ಅದರ ವಾಣಿಜ್ಯ ಬಳಕೆಯ ಹಕ್ಕು ಆಟೊಮ್ಯಾಟಿಕ್ ಕೈಯಲ್ಲಿ, ಪರಿಷ್ಕರಣೆಗಳನ್ನು ಹಂಚುವ ಕೇಂದ್ರ ತಾಣ ಒಬ್ಬ ವ್ಯಕ್ತಿಯ ಒಡೆತನದಲ್ಲಿ ಇದ್ದವು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಮಾತು ನಮ್ಮಲ್ಲಿ ಸುಮ್ಮನೆ ಹುಟ್ಟಿದ್ದಲ್ಲ. ಪರವಾನಗಿ ಕೊಟ್ಟ ಸ್ವಾತಂತ್ರ್ಯಕ್ಕೆ ಗರ್ಭಗುಡಿಯ ಬೀಗದ ಕೈ ಅಡ್ಡಬರಬಹುದು.

ಪೋರ್ಟ್‌ಲೆಂಡಿನ ಸಭೆಯಲ್ಲಿ ಕುಳಿತಿದ್ದವರಲ್ಲಿ ಹಲವರು ಯಾವ ಕಂಪನಿಯ ಪರವೂ ಬಂದವರಲ್ಲ. ತಮ್ಮ ರಜೆಯನ್ನು, ಹಣವನ್ನು ಖರ್ಚು ಮಾಡಿಕೊಂಡು ಬಂದವರು. ಸಮುದಾಯದ ವೇದಿಕೆಯನ್ನು ಒಬ್ಬರು ತಮ್ಮ ಕದನಕ್ಕೆ ಬಳಸಬಹುದೇ ಎಂಬ ಪ್ರಶ್ನೆಗೆ ಅವರ ಬಳಿ ಉತ್ತರವಿರಲಿಲ್ಲ. ಏಕೆಂದರೆ ಸಮ್ಮೇಳನ ಯಾರದು ಎಂಬುದನ್ನು ಎಲ್ಲರೂ ಒಪ್ಪುವಂತೆ ಮೊದಲೇ ಬರೆದಿಟ್ಟಿರಲಿಲ್ಲ. ಸ್ನೇಹವಿರುವಾಗಲೇ ಕರಾರು ಬರೆಯಬೇಕು. ಜಗಳವಾದ ಮೇಲೆ ಬರೆಯುವುದು ಕರಾರಲ್ಲ, ನೋಟಿಸು.

ಬೆಂಗಳೂರಿನ ಪಾಠ

ಸಮುದಾಯ ಸಮ್ಮೇಳನಗಳ ಮಟ್ಟಿಗೆ ಬೆಂಗಳೂರು ಹೊಸಬರ ಊರೇನಲ್ಲ. 2001ರಲ್ಲಿ ಲಿನಕ್ಸ್ ಬೆಂಗಳೂರು ಎಂಬ ಹೆಸರಿನಲ್ಲಿ ಆರಂಭವಾದ ವಾರ್ಷಿಕ ಕೂಟ 2005ರಲ್ಲಿ ಫಾಸ್ ಡಾಟ್ ಇನ್ ಎಂದು ಹೆಸರು ಬದಲಿಸಿಕೊಂಡು ದೇಶದ ಮುಕ್ತ ತಂತ್ರಾಂಶ ವಲಯದ ಪ್ರಮುಖ ಹಬ್ಬವಾಗಿ ಬೆಳೆಯಿತು. ಅದನ್ನು ಮುನ್ನಡೆಸಿದ ಅತುಲ್ ಚಿಟ್ನಿಸ್ ಮತ್ತು ಅವರ ಸ್ವಯಂಸೇವಕ ಬಳಗ ಕೇಳುತ್ತಿದ್ದ ಪ್ರಶ್ನೆ ಇಂದಿಗೂ ಹಳತಾಗಿಲ್ಲ: ಇಲ್ಲಿಗೆ ಬಂದವರಲ್ಲಿ ಎಷ್ಟು ಮಂದಿ ಬರಿಯ ಕೇಳುಗರಾಗಿ ಹಿಂದಿರುಗುತ್ತಾರೆ, ಎಷ್ಟು ಮಂದಿ ಕೊಡುಗೆ ನೀಡುವವರಾಗುತ್ತಾರೆ? ಕೊನೆಯ ವರ್ಷಗಳಲ್ಲಿ ಅವರು ಭಾಷಣಗಳನ್ನು ಕಡಿಮೆ ಮಾಡಿ, ಜನ ಒಟ್ಟಿಗೆ ಕುಳಿತು ಕೆಲಸ ಮಾಡುವ ಅವಧಿಗಳಿಗೆ ಒತ್ತು ಕೊಟ್ಟರು. 2012ರ ಆವೃತ್ತಿಯೇ ಕೊನೆಯದಾಯಿತು. ಮರುವರ್ಷ ಚಿಟ್ನಿಸ್ ತೀರಿಕೊಂಡರು.

ಒಂದು ಸಮ್ಮೇಳನ ನಿಂತುಹೋಗುವುದು ಸೋಲೇನೂ ಅಲ್ಲ. ಅಲ್ಲಿ ಕಲಿತವರು ಬೇರೆಡೆ ಬಿತ್ತುತ್ತಾರೆ. 2009ರಲ್ಲಿ ಮೊದಲ ಪೈಕಾನ್ ಇಂಡಿಯಾ ಇದೇ ಊರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನಡೆಯಿತು. ಈಚಿನ ವರ್ಷಗಳಲ್ಲಿ ಇಂಡಿಯಾಫಾಸ್ ಬೆಂಗಳೂರಿನಲ್ಲಿ ಮತ್ತೆ ಅಂಥದೇ ಕೂಟವನ್ನು ಕಟ್ಟಿದೆ. ಆದರೂ ಯೋಜನೆ ಮಾಡುವವರು ಮೊದಲ ವರ್ಷವೇ ಕೇಳಿಕೊಳ್ಳಬೇಕಾದ ಮಾತೊಂದಿದೆ. ಲೆಕ್ಕದ ಪುಸ್ತಕ, ಪ್ರಾಯೋಜಕರ ವಿಳಾಸ, ತಾಣದ ಪಾಸ್‌ವರ್ಡ್, ಹೋದ ಸಲ ಎಡವಿದ ಕಡೆಗಳ ಟಿಪ್ಪಣಿ ಇವೆಲ್ಲ ಒಬ್ಬರ ತಲೆಯಲ್ಲಿವೆಯೋ, ಎಲ್ಲರಿಗೂ ಸಿಗುವ ಕಡತದಲ್ಲಿವೆಯೋ? ಪ್ರತಿ ವರ್ಷ ಸಂಘಟಕರಲ್ಲಿ ಮೂರನೆಯ ಒಂದು ಭಾಗ ಹೊಸಬರಿರಬೇಕು ಎಂಬ ನಿಯಮ ಮಾಡಿಕೊಂಡರೆ ಹಳಬರಿಗೂ ದಣಿವಾರಿಸಿಕೊಳ್ಳಲು ಬಿಡುವು ಸಿಗುತ್ತದೆ.

2016ರ ಫೆಬ್ರುವರಿಯಲ್ಲಿ ಮುಂಬೈ ಐಐಟಿಯಲ್ಲಿ ನಡೆದ ಡ್ರುಪಾಲ್‌ಕಾನ್ ಏಷ್ಯಾದ ಅನುಭವವೂ ನೆನೆಯತಕ್ಕದ್ದು. ಸಾವಿರಕ್ಕೂ ಹೆಚ್ಚು ಮಂದಿ ಸೇರಿದ್ದರು. ಅವರಲ್ಲಿ ಬಹುತೇಕರಿಗೆ ಅದು ಮೊದಲ ಡ್ರುಪಾಲ್‌ಕಾನ್. ಆ ತಂತ್ರಾಂಶಕ್ಕೆ ಭಾರತದಲ್ಲಿ ಡೆವಲಪರ್‌ಗಳು ಅದಕ್ಕೂ ಮೊದಲು ಇರಲಿಲ್ಲವೆಂದಲ್ಲ. ಯುರೋಪ್, ಅಮೆರಿಕಗಳ ಸಮ್ಮೇಳನಗಳಿಗೆ ಹೋಗಲು ಬೇಕಾದ ವೀಸಾ, ಟಿಕೆಟ್, ರಜೆ ಮೂರೂ ಒಟ್ಟಿಗೆ ಕೂಡಿಬರುವುದು ಕೆಲವರಿಗೆ ಮಾತ್ರ ಸಾಧ್ಯವಿತ್ತು. ಸಮ್ಮೇಳನ ಹತ್ತಿರ ಬಂದಾಗ, ಇದ್ದೂ ಕಾಣದಿದ್ದವರು ಕಂಡರು. ಬೆಂಗಳೂರಿಗೂ ಇದರಲ್ಲಿ ಪಾಠವಿದೆ. ನಮ್ಮ ಊರಿನ ಸಮ್ಮೇಳನಕ್ಕೆ ಮುಂಬೈಯಿಂದ ಬರುವುದು ಎಷ್ಟು ಸುಲಭವೋ, ಕೊಪ್ಪಳದಿಂದ ಬರುವುದು ಅಷ್ಟೇ ಸುಲಭವಾಗಿದೆಯೇ?

ಕೊನೆಯ ಸಾಲಿನ ಕುರ್ಚಿ

ಕೊಪ್ಪಳ ಜಿಲ್ಲೆಯ ಪ್ರೌಢಶಾಲೆಯ ಅಧ್ಯಾಪಕಿಯೊಬ್ಬರನ್ನು ಕಲ್ಪಿಸಿಕೊಳ್ಳೋಣ. ಶಾಲೆಯ ಜಾಲತಾಣ ಅವರ ಹೆಗಲಿಗೆ ಬಿದ್ದಿದೆ. ವರ್ಡ್‌ಪ್ರೆಸ್ ಬಳಸಿ ಅವರೇ ಅದನ್ನು ನಡೆಸುತ್ತಿದ್ದಾರೆ. ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಬಂದು ಸಮ್ಮೇಳನದ ಕೊನೆಯ ಸಾಲಿನಲ್ಲಿ ಕುಳಿತಿದ್ದಾರೆ. ವೇದಿಕೆಯ ಮೇಲೆ ಎಲ್ಲವೂ ಇಂಗ್ಲಿಷಿನಲ್ಲಿ ನಡೆಯುತ್ತಿದೆ, ಬಹುಪಾಲು ದೊಡ್ಡ ಕಂಪನಿಗಳ ಅಗತ್ಯಗಳ ಸುತ್ತ. ಅವರ ಮನಸ್ಸಿನಲ್ಲಿರುವ ಪ್ರಶ್ನೆ ಚಿಕ್ಕದು: ಕನ್ನಡದಲ್ಲಿ ಶೀರ್ಷಿಕೆ ಕೊಟ್ಟರೆ ಪುಟದ ವಿಳಾಸ ಅರ್ಧಕ್ಕೆ ತುಂಡಾಗುವುದೇಕೆ?

ಪ್ರಶ್ನೆ ಚಿಕ್ಕದಾದರೂ ಉತ್ತರ ಆಳದಲ್ಲಿದೆ. ವರ್ಡ್‌ಪ್ರೆಸ್ ಪ್ರತಿ ಪುಟದ ವಿಳಾಸದ ತುಣುಕಿಗೆ 200 ಸ್ಥಾನಗಳ ಮಿತಿ ಹಾಕಿದೆ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಸ್ಥಾನ ಸಾಕು. ಕನ್ನಡದ ಪ್ರತಿಯೊಂದು ಮೂಲಾಕ್ಷರವೂ ಗುಣಿತದ ಪ್ರತಿಯೊಂದು ಚಿಹ್ನೆಯೂ ಯೂನಿಕೋಡಿನಲ್ಲಿ ಮೂರು ಬೈಟ್‌ಗಳಾಗಿ, ವಿಳಾಸಕ್ಕೆ ಪರಿವರ್ತನೆಯಾಗುವಾಗ ಒಂಬತ್ತು ಸ್ಥಾನಗಳಾಗಿ ಹಿಗ್ಗುತ್ತದೆ. ಹಾಗಾಗಿ 22 ಚಿಹ್ನೆ ಮುಗಿಯುತ್ತಲೇ ಕತ್ತರಿ ಬೀಳುತ್ತದೆ. ‘ಸ್ತ್ರೀ’ ಎಂಬ ಒಂದೇ ಒಂದು ಅಕ್ಷರ ಆರು ಚಿಹ್ನೆಗಳಾಗಿ ಒಡೆದು 54 ಸ್ಥಾನಗಳನ್ನು ನುಂಗುತ್ತದೆ. ಇದು ಯಾರ ದುರುದ್ದೇಶವೂ ಅಲ್ಲ. ಆ ಮಿತಿಯನ್ನು ಇಟ್ಟ ದಿನ ಆ ಕೋಣೆಯಲ್ಲಿ ಒತ್ತಕ್ಷರ ಬರೆಯುವವರು ಯಾರೂ ಇರಲಿಲ್ಲ, ಅಷ್ಟೆ.

ಇಂಥ ಪ್ರಶ್ನೆಗಳು ಇನ್ನೂ ಇವೆ. ಕನ್ನಡ 1991ರಲ್ಲಿ ಹೊರಬಂದ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಇದ್ದರೂ, ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಬೆರಳಚ್ಚಾದ ಕಡತಗಳು ನಮ್ಮ ಕಚೇರಿಗಳಲ್ಲಿ, ಪ್ರಕಾಶನಗಳಲ್ಲಿ ರಾಶಿಬಿದ್ದಿವೆ. ಅವನ್ನು ಹಾಗೆಯೇ ಜಾಲತಾಣಕ್ಕೆ ಅಂಟಿಸಿದರೆ ಕಾಣುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು. ಚಿತ್ರವಾಗಿ ಹಾಕಿದರೆ ಹುಡುಕಾಟಕ್ಕೆ ಸಿಗದು, ದೃಷ್ಟಿಹೀನರ ತೆರೆ ಓದುವ ತಂತ್ರಾಂಶಕ್ಕೂ ನಿಲುಕದು. ಇನ್ನು ಗುಂಡಿಗಳ, ಸೂಚನೆಗಳ ಕನ್ನಡ ಅನುವಾದ. ಅದನ್ನು ಯಾವ ಕಂಪನಿಯೂ ಸಂಬಳ ಕೊಟ್ಟು ಮಾಡಿಸುವುದಿಲ್ಲ. 2016ರ ಏಪ್ರಿಲಿನಲ್ಲಿ ವರ್ಡ್‌ಪ್ರೆಸ್ ಬಳಗ ಮೊದಲ ಜಾಗತಿಕ ಅನುವಾದ ದಿನವನ್ನು ಆಚರಿಸಿ, ಹಲವು ಭಾಷೆಗಳ ಜನ ಆಯಾ ಊರುಗಳಲ್ಲಿ ಒಟ್ಟಿಗೆ ಕುಳಿತು ಈ ಕೆಲಸ ಮಾಡುವ ದಾರಿ ತೋರಿತು.

ಆದ್ದರಿಂದ ಕರ್ನಾಟಕದಲ್ಲಿ ಇಂಥ ಸಮ್ಮೇಳನವನ್ನು ಯೋಜಿಸುವವರು ಮುಖ್ಯ ಭಾಷಣಕಾರರಿಂದಲ್ಲ, ಆ ಕೊನೆಯ ಸಾಲಿನ ಕುರ್ಚಿಯಿಂದ ಆರಂಭಿಸುವುದು ಒಳ್ಳೆಯದು. ಎರಡು ದಿನಗಳಲ್ಲಿ ಒಂದನ್ನು ಪೂರ್ತಿಯಾಗಿ ಕೊಡುಗೆಯ ದಿನವೆಂದು ಮೀಸಲಿಡಲಿ. ಒಂದು ಮೇಜಿನ ಸುತ್ತ ಅನುವಾದ, ಇನ್ನೊಂದರ ಸುತ್ತ ಹಳೆಯ ಕಡತಗಳ ಪರಿವರ್ತನೆ, ಮತ್ತೊಂದರ ಸುತ್ತ ಆ 200 ಸ್ಥಾನಗಳ ಮಿತಿಯಂಥ ದೋಷಗಳನ್ನು ದಾಖಲಿಸಿ ಪರಿಹಾರ ಸೂಚಿಸುವ ಕೆಲಸ ನಡೆಯಲಿ. ಕೋಡ್ ಬರೆಯಬಲ್ಲವರ ಪಕ್ಕದಲ್ಲಿ ಕನ್ನಡ ಬಲ್ಲವರು ಕೂರಲಿ. ಒಂದು ಕೋಣೆಯಲ್ಲಾದರೂ ದಿನವಿಡೀ ಕನ್ನಡದಲ್ಲಿ ಮಾತು ನಡೆಯಲಿ. ದೂರದ ಜಿಲ್ಲೆಗಳಿಂದ ಬರುವವರ ಬಸ್ ಖರ್ಚನ್ನು ಆಯವ್ಯಯದ ಮೊದಲ ಸಾಲಿನಲ್ಲಿಯೇ ಬರೆಯಲಿ. ಕೊನೆಯ ಸಾಲಿಗೆ ಬಿಟ್ಟರೆ ಹಣ ಅಲ್ಲಿಗೆ ತಲುಪುವ ಹೊತ್ತಿಗೆ ಮುಗಿದಿರುತ್ತದೆ.

ಇದಕ್ಕೆ ಬರುವ ಆಕ್ಷೇಪ ಒಂದಿದೆ, ಅದನ್ನು ತಳ್ಳಿಹಾಕುವಂತಿಲ್ಲ. ಬಿಟ್ಟಿ ದುಡಿಮೆಯನ್ನು ಹೀಗೆ ಹಬ್ಬದಂತೆ ಆಚರಿಸುವುದು ಸರಿಯೇ? ಸ್ವಯಂಸೇವಕರು ಭಾನುವಾರ ಸರಿಪಡಿಸಿದ ತಂತ್ರಾಂಶದಿಂದ ಕಂಪನಿಗಳು ಸೋಮವಾರ ಲಾಭ ಮಾಡಿಕೊಳ್ಳುವುದಿಲ್ಲವೇ? ಮಾಡಿಕೊಳ್ಳುತ್ತವೆ. ತಂತ್ರಾಂಶದಿಂದ ಬದುಕುವ ಸಂಸ್ಥೆಗಳು ತಮ್ಮ ಸಂಪನ್ಮೂಲದ ಶೇ 5ರಷ್ಟನ್ನು ಅದಕ್ಕೇ ಮರಳಿಸಬೇಕೆಂದು ಮುಲೆನ್‌ವೆಗ್ 2014ರಲ್ಲಿಯೇ ಕರೆಕೊಟ್ಟಿದ್ದರು. ಪೋರ್ಟ್‌ಲೆಂಡಿನ ಜಗಳದ ಬೇರೂ ಇಲ್ಲಿಯೇ ಇದೆ. ಡ್ರುಪಾಲ್ ಬಳಗ ಪ್ರತಿ ತಿದ್ದುಪಡಿಯ ಜೊತೆ ಅದನ್ನು ಮಾಡಿದವರ ಮತ್ತು ಅವರಿಗೆ ಸಮಯ ಕೊಟ್ಟ ಸಂಸ್ಥೆಯ ಹೆಸರನ್ನು ದಾಖಲಿಸುವ ಪದ್ಧತಿಯನ್ನು ರೂಢಿಸಿತು. ಸಮ್ಮೇಳನದಲ್ಲಿಯೂ ಅದನ್ನು ಅನುಸರಿಸಬಹುದು. ಪ್ರಾಯೋಜಕರಿಂದ ಹಣದ ಜೊತೆಗೆ, ಇಬ್ಬರು ಎಂಜಿನಿಯರುಗಳ ವರ್ಷದ ಇಷ್ಟು ದಿನಗಳನ್ನೂ ಕೇಳಬಹುದು. ಬ್ಯಾನರಿನ ಗಾತ್ರಕ್ಕಿಂತ ಅದರ ಲೆಕ್ಕವನ್ನು ವರ್ಷದ ಕೊನೆಯಲ್ಲಿ ಪ್ರಕಟಿಸಿದರೆ ಸಾಕು, ಯಾರು ಕೊಟ್ಟರು ಯಾರು ಬರಿದೆ ಒಯ್ದರು ಎಂಬುದು ತಾನಾಗಿ ತಿಳಿಯುತ್ತದೆ.

ಸಮ್ಮೇಳನ ಮುಗಿದ ಮರುದಿನ ಸಭಾಂಗಣದಲ್ಲಿ ಹರಿದ ಬ್ಯಾಡ್ಜುಗಳು, ಖಾಲಿ ನೀರಿನ ಬಾಟಲಿಗಳು ಉಳಿದಿರುತ್ತವೆ. ಎಷ್ಟು ಜನ ಬಂದಿದ್ದರು ಎಂಬ ಸಂಖ್ಯೆ ಪತ್ರಿಕಾ ಪ್ರಕಟಣೆಗೆ ಸಿಗುತ್ತದೆ. ಯಶಸ್ಸಿನ ಲೆಕ್ಕವನ್ನು ಅಲ್ಲಿ ಹುಡುಕಬಾರದು. ಕೊಪ್ಪಳದ ಬಸ್ಸು ಹತ್ತಿದ ಆ ಅಧ್ಯಾಪಕಿಯ ಚೀಲದಲ್ಲಿ ಕಂಪನಿಗಳು ಹಂಚಿದ ಟೀ ಶರ್ಟುಗಳಷ್ಟೇ ಇವೆಯೋ, ಅಥವಾ ತಮ್ಮ ಹೆಸರಿನಲ್ಲಿ ದಾಖಲಾದ ಒಂದು ದೂರು, ತಾವೇ ಕನ್ನಡಕ್ಕೆ ತಂದ ಹತ್ತು ಸಾಲು, ಮುಂದಿನ ತಿಂಗಳು ಸೇರೋಣವೆಂದು ಹೇಳಿದ ನಾಲ್ವರ ದೂರವಾಣಿ ಸಂಖ್ಯೆ ಇವೆಯೋ ಎಂದು ಕೇಳಬೇಕು. ಎರಡನೆಯದು ಇದ್ದರೆ, ಈ ಬೇಸಿಗೆಯಲ್ಲಿ ಕೆರೆಗೆ ಇಳಿಯಲು ಒಬ್ಬರು ಹೆಚ್ಚಾದರು ಎಂದರ್ಥ.